ಬೆಲ್ಲ ಮಾರಿದ ಮೇಲೆ ಪಟ್ಟಿ ಓದೋದು ಹೇಗೆ? ಎ.ಪಿ.ಎಂ.ಸಿ. ಸೆಸ್ ಬಗ್ಗೆ ಮಂಡ್ಯ–ಮೈಸೂರು ರೈತರಿಗೆ

ಅಪ್ಪನ ಹಳೇ ಟ್ರಂಕಿನಲ್ಲಿ ಬೆಲ್ಲ ಮಾರಿದ ಚೀಟಿಗಳ ಕಟ್ಟುಗಳಿವೆ. ವರ್ಷಕ್ಕೊಂದು ಕಟ್ಟು, ಸುತ್ತ ಬಾಳೆನಾರು. ಕೆಲವು ಚೀಟಿಗಳಿಗೆ ಬೆಲ್ಲದ ಅಂಟು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿವೆ, ಬಿಡಿಸಲು ಹೋದರೆ ಹರಿಯುತ್ತವೆ. ಎಲ್ಲಾ ಚೀಟಿಗಳೂ ಒಂದೇ ತರ. ಮೇಲೆ ತೂಕ, ದರ, ಒಟ್ಟು. ಕೆಳಗೆ ‘ಕಮಿಷನ್’, ‘ಸೆಸ್’, ‘ಹಮಾಲಿ’, ಕೊನೆಗೆ ‘ಇತರೆ’. ಎಲ್ಲಾ ಕಳೆದು ಕೈಗೆ ಇಷ್ಟು. ಮಂಡಿಯ ಹೆಸರಿಲ್ಲ, ನಂಬರಿಲ್ಲ, ಸಹಿ ಇಲ್ಲ.

ಒಮ್ಮೆ ನಾನೂ ಅಪ್ಪನ ಜೊತೆ ಹೋಗಿದ್ದೆ. ಗುಮಾಸ್ತರನ್ನು ಕೇಳಿದೆ: “ಅಣ್ಣ, ಈ ಸೆಸ್ ನಮ್ಮ ಹತ್ರ ಯಾಕೆ ಹಿಡೀತೀರಾ?” ಅವರು ತಲೆ ಎತ್ತಲಿಲ್ಲ. “ಅದು ಸರ್ಕಾರದ್ದು ಕಣಪ್ಪ, ನಾವೇನ್ ಮಾಡಕಾಯ್ತದೆ” ಅಂದರು. ಅಪ್ಪ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದರು. ನಾಳೆ ಮತ್ತೆ ಅದೇ ಮಂಡಿಗೆ ಬರಬೇಕಲ್ಲ ಅನ್ನೋ ಭಯ ಅವರದ್ದು.

ಆಮೇಲೆ ಕಾಯಿದೆ ಓದಿದೆ. ಆ ಸೆಸ್ ಸರ್ಕಾರದ ತೆರಿಗೆಯೂ ಅಲ್ಲ, ಅದನ್ನು ಕೊಡಬೇಕಾದವರು ಅಪ್ಪನೂ ಅಲ್ಲ ಅಂತ ಗೊತ್ತಾಯಿತು. ಅದು ರೈತರ ಮಾರುಕಟ್ಟೆ ನಡೆಸೋಕೆ ಅಂತಲೇ ಎತ್ತುವ ಹಣ. ಬೆಲ್ಲ, ಭತ್ತ, ರಾಗಿ, ಕಾಯಿ ಹೊತ್ತುಕೊಂಡು ಮಂಡ್ಯದ ಯಾರ್ಡಿಗೋ ಮೈಸೂರಿನ ಬಂಡೀಪಾಳ್ಯಕ್ಕೋ ಹೋಗುವವರಿಗೆ ಇದು ಗೊತ್ತಿರಲೇಬೇಕು ಅಂತ ಈ ಲೇಖನ ಬರೆಯುತ್ತಿದ್ದೇನೆ.

ಸೆಸ್ ಅಂದರೆ ಏನು, ಕೊಡೋರು ಯಾರು

ನಾವು ಸೆಸ್ ಅನ್ನೋದಕ್ಕೆ ಕಾಯಿದೆಯಲ್ಲಿ ಇರುವ ಹೆಸರು ಮಾರುಕಟ್ಟೆ ಶುಲ್ಕ. ಕರ್ನಾಟಕದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ 1966ರದ್ದು. ಅದರ 65ನೇ ಕಲಂ ಪ್ರಕಾರ ಈ ಶುಲ್ಕವನ್ನು ಎ.ಪಿ.ಎಂ.ಸಿ., ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ, ವಸೂಲಿ ಮಾಡಬೇಕಾದ್ದು ಕೊಳ್ಳುವವರಿಂದ. ಮಾರುವ ರೈತರಿಂದ ಅಲ್ಲ. ಕಮಿಷನ್ ಕೂಡ ಹಾಗೇ, ನಮ್ಮ ರಾಜ್ಯದಲ್ಲಿ ಅದನ್ನು ಖರೀದಿದಾರರೇ ಕೊಡಬೇಕು. ಈ ಎರಡು ಮಾತು ನೆನಪಿದ್ದರೆ ಅರ್ಧ ಕೆಲಸ ಆದ ಹಾಗೆ.

ದರ ಎಷ್ಟು? 2020ಕ್ಕೂ ಮುಂಚೆ ನೂರು ರೂಪಾಯಿಗೆ ಒಂದೂವರೆ ರೂಪಾಯಿ ಇತ್ತು. ಆ ವರ್ಷ ಕಾಯಿದೆಗೆ ತಿದ್ದುಪಡಿ ಬಂತು. ಸಮಿತಿಯ ಅಧಿಕಾರ ಯಾರ್ಡಿನ ಕಾಂಪೌಂಡಿನೊಳಗೆ ಮಾತ್ರ ಅಂತಾಯಿತು. ಸೆಸ್ 35 ಪೈಸೆಗೆ ಇಳಿಯಿತು, ಮತ್ತೆ ಒಂದು ರೂಪಾಯಿಗೆ ಏರಿತು, ಕೊನೆಗೆ 60 ಪೈಸೆಗೆ ಬಂತು. ಇಷ್ಟು ಸಲ ಬದಲಾದದ್ದರಿಂದ ನೀವು ಹೋದ ದಿನ ಎಷ್ಟಿದೆ, ನಿಮ್ಮ ಬೆಳೆಗೆ ಎಷ್ಟು ಅಂತ ಸಮಿತಿ ಕಚೇರಿಯ ಬೋರ್ಡ್ ನೋಡಿಯೇ ಲೆಕ್ಕ ಹಾಕಿ. ಎಲ್ಲಾ ಬೆಳೆಗೂ ಒಂದೇ ದರ ಅಂದುಕೊಳ್ಳಬೇಡಿ.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಕೊಳ್ಳುವವರೇ ಸೆಸ್ ಕೊಟ್ಟರೂ, ದರ ಕೂಗುವಾಗ ಅದನ್ನು ಮನಸ್ಸಿನಲ್ಲಿ ಕಳೆದೇ ಕೂಗುತ್ತಾರೆ. ಅಂದರೆ ಅದರ ಭಾರದಲ್ಲಿ ಸ್ವಲ್ಪ ನಮ್ಮ ಬೆನ್ನಿಗೂ ಬರುತ್ತದೆ. ಅಮೆರಿಕದಲ್ಲಿ ಇಂಥ ಒಂದು ವಸೂಲಿಯನ್ನು ನೇರವಾಗಿ ರೈತರಿಂದಲೇ ಹಿಡಿಯುತ್ತಾರೆ. ಅಲ್ಲಿ ಸೋಯಾಬೀನ್ ಬೆಳೆಗಾರರು ಮಾರಿದ ಬೆಲೆಯ ನೂರಕ್ಕೆ ಅರ್ಧ ಡಾಲರ್ ತಮ್ಮ ಬೆಳೆಯ ಸಂಶೋಧನೆ, ಪ್ರಚಾರಕ್ಕೆ ಅಂತ ಕೊಡುತ್ತಾರೆ. ಆದರೆ ಈ ವಸೂಲಿ ಬೇಕೋ ಬೇಡವೋ ಅಂತ ಮತ ಹಾಕಿಸಿ ಎಂದು ಕೇಳುವ ಹಕ್ಕೂ ಅವರಿಗಿದೆ. ನಮ್ಮಲ್ಲಿ ಆ ತರದ ಮತ ಇಲ್ಲ. ಸಮಿತಿಗೆ ರೈತ ಪ್ರತಿನಿಧಿಗಳನ್ನು ಆರಿಸುವ ಚುನಾವಣೆ ಇದೆ, ಜೊತೆಗೆ ಲೆಕ್ಕ ಕೇಳುವ ಹಕ್ಕಿದೆ. ಅದನ್ನು ಬಳಸೋದು ಹೇಗೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಮನೆಯಿಂದ ಹೊರಡೋ ಮುಂಚೆ

ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ನಕಲು, ಒಂದು ಪೆನ್ನು, ಸಣ್ಣ ನೋಟ್ ಪುಸ್ತಕ. ಇಷ್ಟಿದ್ದರೆ ಸಾಕು. ಆಲೆಮನೆಯಲ್ಲೇ ಒಂದು ಸಲ ತೂಕ ಮಾಡಿ ಬರೆದಿಟ್ಟುಕೊಳ್ಳಿ. ಎಷ್ಟು ಅಚ್ಚು, ಎಷ್ಟು ಬಕೆಟ್ ಅಂತ ಬೇರೆ ಬೇರೆ ಎಣಿಸಿ. ಹಿಂದಿನ ದಿನದ ಮಂಡ್ಯ ಮಾರುಕಟ್ಟೆ ಧಾರಣೆ ಪೇಪರಿನಲ್ಲಿ ಬರುತ್ತದೆ, ಕೃಷಿ ಮಾರಾಟ ಇಲಾಖೆಯ ವೆಬ್‌ಸೈಟಿನಲ್ಲೂ ಇರುತ್ತದೆ. ಅಚ್ಚು, ಬಕೆಟ್, ಬಾಕ್ಸ್, ಕುರಿಕಾಟು ಅಂತ ಬೆಲ್ಲಕ್ಕೆ ಬೇರೆ ಬೇರೆ ಸಾಲು ಇರುತ್ತದೆ, ನಿಮ್ಮದು ಯಾವುದೋ ಅದನ್ನೇ ನೋಡಿ. ಕನಿಷ್ಠ, ಗರಿಷ್ಠ ಎರಡನ್ನೂ ಬರೆದುಕೊಳ್ಳಿ. ಪುಸ್ತಕದಲ್ಲಿ ಬರೆದುಕೊಂಡು ಬಂದವರ ಹತ್ತಿರ ಮಂಡಿಯವರು ಮಾತಾಡುವ ರೀತಿಯೇ ಬೇರೆ. ನಾನು ಕಣ್ಣಾರೆ ನೋಡಿದ್ದೇನೆ.

ಗೇಟಿನಲ್ಲಿ

ಯಾರ್ಡಿನ ಗೇಟಿನಲ್ಲಿ ಮಾಲು ದಾಖಲಾಗಬೇಕು. ಯಾರ ಮಾಲು, ಯಾವ ಬೆಳೆ, ಎಷ್ಟು, ಯಾವ ದಲ್ಲಾಳಿಯ ಅಂಗಡಿಗೆ ಅಂತ ಬರೆದು ಒಂದು ಲಾಟ್ ನಂಬರ್ ಕೊಡುತ್ತಾರೆ. ಕರ್ನಾಟಕದಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆ, ಅಂದರೆ ಮಾರುಕಟ್ಟೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ವ್ಯವಸ್ಥೆ, ಬಂದಿದೆ. ಕಂಪ್ಯೂಟರಿನಲ್ಲಿ ಟೆಂಡರ್ ನಡೆಯುವ ಕಡೆ ಈ ಲಾಟ್ ನಂಬರೇ ನಿಮ್ಮ ಮಾಲಿನ ಜಾತಕ. ಯಾರು ಎಷ್ಟು ಬರೆದರು, ಯಾರಿಗೆ ಹೋಯಿತು, ಎಷ್ಟು ತೂಗಿತು ಎಲ್ಲಾ ಅದರ ಮೇಲೆಯೇ ನಿಂತಿರುತ್ತದೆ.

ತಪ್ಪು ಶುರುವಾಗೋದೂ ಇಲ್ಲೇ. “ಗೇಟಿನಲ್ಲಿ ಕ್ಯೂ ಇದೆ, ನೇರ ಅಂಗಡಿಗೆ ಬಂದುಬಿಡಿ, ನಾವು ನೋಡ್ಕೋತೀವಿ” ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ದಾಖಲಾಗದ ಮಾಲಿಗೆ ಸೆಸ್ ಕಟ್ಟುವವರು ಯಾರೂ ಇಲ್ಲ. ಸಮಿತಿಯ ಪುಸ್ತಕದಲ್ಲಿ ಆ ಬೆಲ್ಲ ಬಂದೇ ಇಲ್ಲ ಅಂತ ಆಗುತ್ತದೆ. ಆದರೆ ನಿಮ್ಮ ಚೀಟಿಯಲ್ಲಿ ‘ಸೆಸ್’ ಅಂತ ಕಳೆದಿರುತ್ತಾರೆ! ಆ ದುಡ್ಡು ಸಮಿತಿಗೂ ಹೋಗಿಲ್ಲ, ನಿಮ್ಮ ಕೈಗೂ ಬಂದಿಲ್ಲ.

ದರ ಮತ್ತು ತೂಕ

ಟೆಂಡರ್ ಆಗಲಿ, ಬಾಯಿ ಹರಾಜಾಗಲಿ, ಬಿದ್ದ ದರ ಒಪ್ಪದಿದ್ದರೆ ಕೊಡಲ್ಲ ಅನ್ನುವ ಹಕ್ಕು ನಿಮ್ಮದು. ಟೆಂಡರ್ ಇದ್ದ ಕಡೆ ಅದಕ್ಕೆ ಒಂದು ಹೊತ್ತು ಗೊತ್ತುಮಾಡಿರುತ್ತಾರೆ, ಅಷ್ಟರೊಳಗೆ ಹೇಳಬೇಕು.

ತೂಕದ ಹತ್ತಿರ ನೀವೇ ನಿಂತುಕೊಳ್ಳಿ. ಟೀ ಕುಡಿಯೋಕೆ ಹೋಗಬೇಡಿ. ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಮಾಲು ಇಡುವ ಮುಂಚೆ ಸೊನ್ನೆ ತೋರಿಸುತ್ತಿದೆಯಾ ನೋಡಿ. ಬೆಲ್ಲ ಆರುತ್ತದೆ ಅಂತಲೋ, ಗೋಣಿ ಭಾರ ಅಂತಲೋ ಕಿಲೋ ಲೆಕ್ಕದಲ್ಲಿ ಕಳೆಯಲು ಬಂದರೆ ಅಲ್ಲೇ ತಡೆಯಿರಿ. ಖಾಲಿ ಗೋಣಿ ತೂಗಿ ಎಷ್ಟಿದೆಯೋ ಅಷ್ಟು ಕಳೆಯಲಿ. ತೂಕ ಆದ ತಕ್ಷಣ ನಿಮ್ಮ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಮನೆಯಲ್ಲಿ ಬರೆದ ತೂಕದ ಪಕ್ಕದಲ್ಲೇ ಬರೆದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಪಟ್ಟಿ ಓದೋದು

ಈ ಭಾಗ ನಿಧಾನವಾಗಿ ಓದಿ. ಸಾಧ್ಯವಾದರೆ ನಿಮ್ಮ ಮನೆಯಲ್ಲಿರುವ ಒಂದು ಚೀಟಿ ಪಕ್ಕದಲ್ಲಿ ಇಟ್ಟುಕೊಳ್ಳಿ.

ಮಾರಾಟ ಮುಗಿದ ಮೇಲೆ ದಲ್ಲಾಳಿ ನಿಮಗೆ ಕೊಡಬೇಕಾದ್ದು ಲೆಕ್ಕ ತಿರುವಳಿ ಪಟ್ಟಿ. ಅದು ಅಚ್ಚು ಹಾಕಿದ ಪುಸ್ತಕದ್ದೋ ಕಂಪ್ಯೂಟರಿನದ್ದೋ ಆಗಿರಬೇಕು. ಅಂಗಡಿಯ ಹೆಸರು, ಲೈಸೆನ್ಸ್ ನಂಬರ್, ಪಟ್ಟಿಯ ನಂಬರ್, ತಾರೀಕು, ನಿಮ್ಮ ಹೆಸರು, ಊರು, ಕೊಂಡವರ ಹೆಸರು, ತೂಕ, ದರ, ಕೊನೆಗೆ ಸಹಿ ಇರಬೇಕು. ನೋಟ್ ಪುಸ್ತಕದ ಹಾಳೆ ಹರಿದು ಬರೆದುಕೊಟ್ಟರೆ ಅದು ಬಿಳಿ ಚೀಟಿ. ಅಪ್ಪನ ಟ್ರಂಕಿನಲ್ಲಿ ಇರೋದೆಲ್ಲಾ ಅದೇ. ಎಷ್ಟು ಜೋಪಾನ ಮಾಡಿದರೂ ಅದನ್ನು ಹಿಡಿದು ಯಾರ ಮುಂದೆಯೂ ಏನೂ ಕೇಳಲು ಆಗುವುದಿಲ್ಲ. ಬೆಲ್ಲ ಮಾರಿದ್ದಕ್ಕೇ ಅದು ಸಾಕ್ಷಿ ಅಲ್ಲ.

ಒಂದು ಲೆಕ್ಕ ಹಾಕೋಣ. 20 ಕ್ವಿಂಟಾಲ್ ಬಕೆಟ್ ಬೆಲ್ಲ, ಕ್ವಿಂಟಾಲಿಗೆ 4,000 ರೂಪಾಯಿ ಅಂತ ಇಟ್ಟುಕೊಳ್ಳಿ. ಇದು ಲೆಕ್ಕಕ್ಕೆ ಹಿಡಿದ ದರ ಅಷ್ಟೇ. ಒಟ್ಟು 80,000. ನೂರಕ್ಕೆ 60 ಪೈಸೆಯಂತೆ ಸೆಸ್ 480 ರೂಪಾಯಿ. ನೂರಕ್ಕೆ 2ರಂತೆ ಕಮಿಷನ್ 1,600 ರೂಪಾಯಿ. ಇವೆರಡೂ ಕೊಂಡವರ ಬಿಲ್ಲಿನಲ್ಲಿ 80,000ದ ಮೇಲೆ ಸೇರಬೇಕು. ಅವರು ಒಟ್ಟು 82,080 ಕೊಡಬೇಕು. ನಿಮ್ಮ ಪಟ್ಟಿಯಲ್ಲಿ 80,000ದಿಂದ ಕಳೆಯಬಾರದು.

ಕಳೆದರೆ? 2,080 ರೂಪಾಯಿ ಹೋಯಿತು. ಒಂದು ಸೀಸನ್ನಿನಲ್ಲಿ ಇಂಥ ಎಂಟು ಲೋಡ್ ಹಾಕಿದರೆ 16,640. ಕೊಂಡವರಿಂದಲೂ ಹಿಡಿದು, ನಿಮ್ಮಿಂದಲೂ ಹಿಡಿದರೆ ಒಂದೇ ಸೆಸ್ಸನ್ನು ಎರಡು ಸಲ ಎತ್ತಿದ ಹಾಗೆ. ನನ್ನ ಪ್ರಕಾರ ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಗಾಣದ ಮುಂದೆ ರಾತ್ರಿ ಎಲ್ಲಾ ಕೂತು ಪಾಕ ಕಾಯಿಸಿದವರ ದುಡ್ಡು ಅದು.

ಹಮಾಲಿ ಬೇರೆ ಕತೆ. ಇಳಿಸೋದು, ತೂಗೋದು, ತುಂಬೋದು ಇವಕ್ಕೆಲ್ಲಾ ಸಮಿತಿ ದರ ಗೊತ್ತುಮಾಡಿರುತ್ತದೆ. ಯಾವುದು ಮಾರುವವರ ಪಾಲು, ಯಾವುದು ಕೊಳ್ಳುವವರ ಪಾಲು ಅಂತಲೂ ಇರುತ್ತದೆ. ನಿಮ್ಮ ಪಾಲಿನದ್ದು ಕೊಡಿ, ಹಮಾಲಿ ಅಣ್ಣಂದಿರ ಬೆವರಿನ ದುಡ್ಡು ಅದು, ಚೌಕಾಸಿ ಬೇಡ. ಆದರೆ ಪಟ್ಟಿಯಲ್ಲಿ ಬರೆದ ಹಮಾಲಿ ಬೋರ್ಡಿನ ದರಕ್ಕೆ ಹೊಂದುತ್ತಾ ಅಂತ ನೋಡಿ.

ಇನ್ನು ‘ಇತರೆ’. ಈ ಸಾಲು ಕಂಡರೆ ಬೆರಳಿಟ್ಟು ಕೇಳಿ: ಇತರೆ ಅಂದರೆ ಏನು? ಧರ್ಮದ ಹೆಸರಲ್ಲಿ, ಹಬ್ಬದ ಹೆಸರಲ್ಲಿ, ಸ್ಯಾಂಪಲ್ ಹೆಸರಲ್ಲಿ ಹಿಡಿದದ್ದೆಲ್ಲಾ ಅಲ್ಲಿ ಬಂದು ಕೂತಿರುತ್ತದೆ. ಮುಂಗಡ ತೆಗೆದುಕೊಂಡಿದ್ದರೆ ಅದನ್ನು ‘ಮುಂಗಡ’ ಅಂತಲೇ ಬರೆಸಿ. ಸೆಸ್, ಕಮಿಷನ್ ಜೊತೆ ಕಲಸಲು ಬಿಡಬೇಡಿ. ಮುಂಗಡ ಕೊಟ್ಟಿದ್ದೇವೆ, ಅದಕ್ಕೇ ಕಮಿಷನ್ ಹಿಡಿಯುತ್ತೇವೆ ಅಂತ ಹೇಳುವವರಿದ್ದಾರೆ. ಸಾಲದ ಲೆಕ್ಕ ಬೇರೆ, ಮಾರಾಟದ ಲೆಕ್ಕ ಬೇರೆ.

ತಪ್ಪು ಕಂಡರೆ

ಜಗಳಕ್ಕೆ ನಿಲ್ಲಬೇಡಿ. ಪಟ್ಟಿಯ ಫೋಟೋ ತೆಗೆದುಕೊಂಡು ಅದೇ ಯಾರ್ಡಿನಲ್ಲಿರುವ ಸಮಿತಿ ಕಚೇರಿಗೆ ಹೋಗಿ, ಕಾರ್ಯದರ್ಶಿಯವರ ಹೆಸರಿಗೆ ಅರ್ಧ ಪುಟದ ಅರ್ಜಿ ಬರೆಯಿರಿ. ಲಾಟ್ ನಂಬರ್, ತಾರೀಕು, ಹಿಡಿದ ಮೊತ್ತ, ವಾಪಸ್ ಕೊಡಿಸಿ ಅನ್ನೋ ಒಂದು ಸಾಲು. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ದಲ್ಲಾಳಿಗೆ ಲೈಸೆನ್ಸ್ ಕೊಡೋದು ಸಮಿತಿ, ಕಿತ್ತುಕೊಳ್ಳೋ ಅಧಿಕಾರವೂ ಸಮಿತಿಯದ್ದೇ. ಆದ್ದರಿಂದ ಬರಹದಲ್ಲಿ ಬಂದ ದೂರಿಗೆ ಬೆಲೆ ಇದೆ. ತೂಕದ ತಕರಾರಾದರೆ ತೂಕ, ಅಳತೆ ನೋಡುವ ಕಾನೂನು ಮಾಪನಶಾಸ್ತ್ರ ಇಲಾಖೆಗೂ ಒಂದು ಪ್ರತಿ ಕಳಿಸಿ.

ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ಅದೇ ಮಂಡಿಗೆ ಹಾಕುವ ಊರಿನ ನಾಲ್ಕು ಜನ ಸೇರಿ ಹೋಗಿ. ಅಪ್ಪನ ಭಯ ನನಗೆ ಈಗ ಅರ್ಥ ಆಗುತ್ತದೆ. ಮಗಳ ಮದುವೆಗೋ ಬಿತ್ತನೆಗೋ ಮುಂಗಡ ಕೊಟ್ಟ ಮಂಡಿಯನ್ನು ಒಬ್ಬರೇ ಎದುರು ಹಾಕಿಕೊಳ್ಳೋದು ಸುಲಭ ಅಲ್ಲ. ನಾಲ್ಕು ಸಹಿ ಇದ್ದರೆ ಯಾರೊಬ್ಬರ ಮೇಲೂ ಕಣ್ಣು ಬೀಳಲ್ಲ.

ಬೇರೆ ಬೆಳೆಗಳಿಗೆ ಬೇರೆ ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪಿನವರಿಗೆ ಮೇಲಿನ ಮಾತು ಹೊಂದಲ್ಲ. ಅಲ್ಲಿ ನಡೆಯೋದು ಕೇಂದ್ರದ 1975ರ ತಂಬಾಕು ಮಂಡಳಿ ಕಾಯಿದೆ. ಹರಾಜು ಕಟ್ಟೆಯಲ್ಲಿ ಮಾರಿದ ಬೇಲ್‌ನ (ಸೊಪ್ಪಿನ ಕಟ್ಟಿನ) ಬೆಲೆಯ ಮೇಲೆ ಮಂಡಳಿ ಸೇವಾ ಶುಲ್ಕ ಹಿಡಿಯುತ್ತದೆ. ಬೆಳೆಗಾರರೂ ಕೊಡಬೇಕು, ಕೊಳ್ಳುವ ಕಂಪನಿಯೂ ಕೊಡಬೇಕು, ಒಟ್ಟು ಸೇರಿ ನೂರಕ್ಕೆ 2 ಮೀರುವಂತಿಲ್ಲ. ಇದು ಕಾಯಿದೆ ಪ್ರಕಾರವೇ ನಿಮ್ಮಿಂದ ಹೋಗುವ ದುಡ್ಡು. ನೀವು ನೋಡಬೇಕಾದ್ದು ಸೇವಾ ಶುಲ್ಕ, ಬ್ಯಾಂಕ್ ಸಾಲದ ಕಂತು, ಕೋಟಾ ಮೀರಿದ ಸೊಪ್ಪಿನ ದಂಡ ಈ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿದ್ದಾರಾ ಅಂತ. ದಂಡ ಮನ್ನಾ ಆದ ವರ್ಷಗಳಿವೆ, ಅದಕ್ಕೇ ಬಿಲ್ಲು ಎಸೆಯಬೇಡಿ.

ಕಬ್ಬನ್ನು ಕಾರ್ಖಾನೆಗೇ ಹಾಕಿದರೆ ಯಾರ್ಡಿನ ಪಟ್ಟಿಯ ಮಾತೇ ಬರಲ್ಲ. ಅಲ್ಲಿ ಹಿಡಿದು ಕೇಳಬೇಕಾದ್ದು 1966ರ ಕಬ್ಬು ನಿಯಂತ್ರಣ ಆದೇಶ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರ ಬಡ್ಡಿ. ಸಕ್ಕರೆ ಮೇಲೆ ಸೆಸ್ ಎತ್ತಿ ಕಾರ್ಖಾನೆ, ಕಬ್ಬಿನ ಅಭಿವೃದ್ಧಿಗೆ ಸಾಲ ಕೊಡುವ ನಿಧಿ 1982ರಿಂದ ಇತ್ತು. ಜಿ.ಎಸ್.ಟಿ. ಬಂದಾಗ, 2017ರಲ್ಲಿ, ಆ ಸೆಸ್ ನಿಂತಿತು. ರೇಷ್ಮೆ ಗೂಡಿನ ಮಾರುಕಟ್ಟೆ ರೇಷ್ಮೆ ಇಲಾಖೆಯದ್ದು, ಅದರ ನಿಯಮ ಅಲ್ಲೇ ಕೇಳಿ. ಬೆಂಬಲ ಬೆಲೆ ಕೇಂದ್ರಕ್ಕೆ ರಾಗಿ, ಭತ್ತ ಹಾಕುವವರು ಫ್ರೂಟ್ಸ್ ಅನ್ನೋ ಸರ್ಕಾರದ ರೈತರ ಪಟ್ಟಿಯಲ್ಲಿನ ನೋಂದಣಿ ಮೊದಲೇ ಸರಿ ಮಾಡಿಸಿಕೊಳ್ಳಿ, ಪಹಣಿಯಲ್ಲಿ ಬೆಳೆ ತಪ್ಪಿದ್ದರೆ ಕೊನೇ ದಿನ ಓಡಾಡಬೇಕಾಗುತ್ತದೆ.

ಸೆಸ್ ಹಣ ಎಲ್ಲಿಗೆ ಹೋಯಿತು ಅಂತ ಕೇಳೋದು

ಪಟ್ಟಿ ಸರಿ ಮಾಡಿಸಿಕೊಳ್ಳೋದು ನಿಮ್ಮೊಬ್ಬರ ಲೆಕ್ಕ. ಇದು ಎಲ್ಲರ ಲೆಕ್ಕ.

ತೆರಿಗೆಗೂ ಶುಲ್ಕಕ್ಕೂ ವ್ಯತ್ಯಾಸ ಇದೆ. ತೆರಿಗೆ ಖಜಾನೆಗೆ ಹೋಗುತ್ತದೆ, ಯಾವುದಕ್ಕೆ ಬೇಕಾದರೂ ಖರ್ಚಾಗುತ್ತದೆ. ಶುಲ್ಕ ಹಾಗಲ್ಲ, ಅದಕ್ಕೆ ಬದಲಾಗಿ ಸೇವೆ ಕೊಡಬೇಕು. ಪಂಜಾಬ್, ಹರಿಯಾಣದ ಮಂಡಿಗಳಲ್ಲಿ ಶುಲ್ಕ ಏರಿಸಿದ್ದರ ಮೇಲೆ ಹೋದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1979ರಲ್ಲೇ ಇದನ್ನು ಬಿಡಿಸಿ ಹೇಳಿದೆ. ಎತ್ತಿದ ಮಾರುಕಟ್ಟೆ ಶುಲ್ಕದಲ್ಲಿ ದೊಡ್ಡ ಪಾಲು, ಮೂರರಲ್ಲಿ ಎರಡು ಭಾಗವೋ ನಾಲ್ಕರಲ್ಲಿ ಮೂರು ಭಾಗವೋ, ಆ ಮಾರುಕಟ್ಟೆಯ ಸೇವೆಗೇ ಖರ್ಚಾಗಬೇಕು ಅಂದಿತು.

ಹಾಗಾದರೆ ಯಾರ್ಡಿನಲ್ಲಿ ಏನಿರಬೇಕು? ಮಳೆ ಬಂದರೆ ಬೆಲ್ಲ ನೆನೆಯದ ಹಾಗೆ ಚಾವಣಿ ಇರುವ ಹರಾಜು ಕಟ್ಟೆ. ಕುಡಿಯುವ ನೀರು. ಹೆಣ್ಣುಮಕ್ಕಳು ಹೋಗಬಹುದಾದಂಥ ಶೌಚಾಲಯ. ಸರಿಯಾದ ವೇ ಬ್ರಿಡ್ಜ್. ರಾತ್ರಿ ಉಳಿಯುವವರಿಗೆ ರೈತ ಭವನ. ದರ ಇಲ್ಲದಾಗ ಮಾಲು ಇಡಲು ಗೋದಾಮು, ಅದರ ಮೇಲೆ ಅಡಮಾನ ಸಾಲ. ಹೊಲದಲ್ಲಿ ಹಾವು ಕಚ್ಚಿ, ಕರೆಂಟ್ ಹೊಡೆದು, ಮರದಿಂದ ಬಿದ್ದು ಅನಾಹುತ ಆದವರ ಮನೆಗೆ ನೆರವಾಗುವ ರೈತ ಸಂಜೀವಿನಿ ಅಪಘಾತ ವಿಮೆಯೂ ಎ.ಪಿ.ಎಂ.ಸಿ.ಗಳ ಮೂಲಕವೇ ನಡೆದುಬಂದ ಯೋಜನೆ. ನಮ್ಮ ಕಡೆ ಎಷ್ಟೋ ಮನೆಗಳಿಗೆ ಇದರ ಹೆಸರೇ ಗೊತ್ತಿಲ್ಲ. ಹಾಗೆ ಆದಾಗ ಪೊಲೀಸ್ ದೂರು, ಮರಣೋತ್ತರ ಪರೀಕ್ಷೆ ಬಿಡಬೇಡಿ. ಆ ಕಾಗದ ಇಲ್ಲದೆ ಅರ್ಜಿ ಮುಂದಕ್ಕೆ ಹೋಗಲ್ಲ. ಇನ್ನು ದರ ಕುಸಿದಾಗ ಸರ್ಕಾರ ಮಾರುಕಟ್ಟೆಗೆ ಇಳಿದು ಕೊಳ್ಳುತ್ತದಲ್ಲ, ಅದಕ್ಕೆ ಬಳಸುವ ಆವರ್ತ ನಿಧಿಗೂ ಇದೇ ಸೆಸ್ಸಿನಲ್ಲಿ ಒಂದು ಪಾಲು ಹೋಗುತ್ತದೆ.

2020ರ ನಂತರ ಸೆಸ್ ಆದಾಯ ಬಿದ್ದು ಎಷ್ಟೋ ಸಮಿತಿಗಳು ಸಿಬ್ಬಂದಿ ಸಂಬಳಕ್ಕೂ ತಡಕಾಡಿದವು. ಅದು ನಿಜ, ಸಮಿತಿಯವರ ಕಷ್ಟವನ್ನೂ ನಾವು ತಿಳಿದುಕೊಳ್ಳಬೇಕು. ಅದಕ್ಕೇ ಹೇಳಿದ್ದು, ಗೇಟಿನಲ್ಲಿ ದಾಖಲಾಗಿ ಪಕ್ಕಾ ಪಟ್ಟಿ ಪಡೆದರೆ ಸಮಿತಿಗೂ ಬಲ, ಕೇಳುವ ನಿಮಗೂ ಬಲ.

ಕೇಳೋದು ಹೀಗೆ. ಮಾಹಿತಿ ಹಕ್ಕು ಅರ್ಜಿ, ಶುಲ್ಕ 10 ರೂಪಾಯಿ, ಬಿ.ಪಿ.ಎಲ್. ಕಾರ್ಡ್ ಇದ್ದರೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಅದಕ್ಕೆ ಸುತ್ತಿ ಬಳಸಿ ಬರೆಯಬೇಡಿ. ಇಷ್ಟು ಸಾಕು:

“ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ, ಮಂಡ್ಯ ಇವರಿಗೆ. ಕಳೆದ ಆರ್ಥಿಕ ವರ್ಷದಲ್ಲಿ ತಮ್ಮ ಸಮಿತಿಗೆ ಬೆಲ್ಲದ ಮೇಲೆ ಬಂದ ಮಾರುಕಟ್ಟೆ ಶುಲ್ಕ ತಿಂಗಳುವಾರು ಎಷ್ಟು? ಅದೇ ತಿಂಗಳುಗಳಲ್ಲಿ ದಾಖಲಾದ ಬೆಲ್ಲದ ಆವಕ ಎಷ್ಟು ಕ್ವಿಂಟಾಲ್? ಶುಲ್ಕದ ಹಣದಲ್ಲಿ ಬೆಲ್ಲದ ಯಾರ್ಡಿನ ಸೌಲಭ್ಯಗಳಿಗೆ ಖರ್ಚಾದ ಮೊತ್ತ ಕಾಮಗಾರಿವಾರು ಎಷ್ಟು? ದಾಖಲೆಗಳ ನಕಲು ಕೊಡಬೇಕಾಗಿ ವಿನಂತಿ.”

ಮೈಸೂರಿನವರು ಊರಿನ ಹೆಸರು ಬದಲಿಸಿಕೊಳ್ಳಿ, ಭತ್ತದವರು ಬೆಳೆಯ ಹೆಸರು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ಅಥವಾ ಖುದ್ದಾಗಿ ಕೊಟ್ಟು ಸೀಲು ಹಾಕಿಸಿ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಉತ್ತರ ಬಂದ ದಿನ ಮೊದಲು ಆವಕದ ಸಾಲು ನೋಡಿ. ಸೀಸನ್ನಿನ ತಿಂಗಳಲ್ಲಿ ನಿಮ್ಮ ಕಣ್ಣಿಗೆ ಕಂಡ ಗಾಡಿಗಳಿಗೂ ಅಲ್ಲಿ ಬರೆದ ಕ್ವಿಂಟಾಲಿಗೂ ತಾಳೆ ಆಗುತ್ತಾ ನೋಡಿ. ತಾಳೆ ಆಗದಿದ್ದರೆ ಅದೇ ಹಾಳೆಯನ್ನು ನಿಮ್ಮ ಕ್ಷೇತ್ರದಿಂದ ಆರಿಸಿಹೋದ ಸಮಿತಿ ಸದಸ್ಯರ ಕೈಗೆ ಕೊಟ್ಟು, ಮುಂದಿನ ಸಭೆಯಲ್ಲಿ ಇಡಿ ಅಂತ ಹೇಳಿ.